ಬೇರಿಂಗ್ ಪೆಟ್ಟಿಗೆಯಲ್ಲಿ ಜೀರಿಗೆ

ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಹೆಬ್ಬೆರಳಗಲದ ಅರಿಸಿನದ ಗುರುತು, ಅದರ ಮೇಲೆ ಸಾಲಾಗಿ ಮೂರು ಕುಂಕುಮದ ಚುಕ್ಕಿ, ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು: ‘ಅಮಾವಾಸ್ಯೆ ಆದ ಮೇಲೆ, ಒಂದು ಬಿಸಿಲು.’ ಮೂರನೆಯ ಚುಕ್ಕಿ ಮಾತ್ರ ಸ್ವಲ್ಪ ಬಲಕ್ಕೆ ಜಾರಿತ್ತು. ಬೆರಳ ಗಂಟು ನೋಯುವವರು ಕುಂಕುಮವಿಟ್ಟರೆ ಹಾಗೆ ಜಾರುತ್ತದೆ. ನಮ್ಮಮ್ಮನಿಗೆ ಬೆರಳ ಗಂಟು ನೋಯುತ್ತದೆ.

ನಾನು ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳಿದವಳಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಭೆಯಲ್ಲಿ ಎಲ್ಲರೂ ಮಾತಾಡುವಾಗ ನಾನು ಮನಸ್ಸಿನಲ್ಲಿ ನನ್ನ ವಾಕ್ಯವನ್ನು ತಿದ್ದುತ್ತಾ ಕೂತಿರುತ್ತೇನೆ. ವಾಕ್ಯ ಸರಿಯಾಗುವಷ್ಟರಲ್ಲಿ ಕುರ್ಚಿಗಳು ಖಾಲಿಯಾಗಿರುತ್ತವೆ, ಫ್ಯಾನ್ ಆರಿಸುವವರು ಬಂದಿರುತ್ತಾರೆ. ಇದನ್ನು ನೋಡಿದವರು ನನ್ನನ್ನು ಗಂಭೀರ ಹುಡುಗಿ ಎನ್ನುತ್ತಾರೆ. ಎಂ.ಎ. ಮಾಡಿದ್ದಾಳಲ್ಲ, ಅದಕ್ಕೆ ಎಂದೂ ಸೇರಿಸುತ್ತಾರೆ. ನಾನು ತಿದ್ದುಪಡಿ ಮಾಡಲು ಹೋಗಿಲ್ಲ.

ಹೊಸಪೇಟೆಯಲ್ಲಿ ವಾಹನಗಳ ಬಿಡಿಭಾಗ ಮಾಡುವವರ ಮತ್ತು ಮಾರುವವರ ಒಂದು ಸಂಘವಿದೆ. ಅಲ್ಲಿ ನನ್ನ ಕೆಲಸ ನಕಲಿ ಮಾಲಿನ ವಿರುದ್ಧ ಬರೆಯುವುದು. ಕಾನೂನು ಬಿಗಿಯಾಗಲಿ ಎಂದು ಅಧಿಕಾರಿಗಳಿಗೆ ಮನವಿ, ಹೊರದೇಶದ ಸಂಘಗಳಿಗೆ ಇಂಗ್ಲಿಷಿನಲ್ಲಿ ವರದಿ, ಲಾರಿಯವರಿಗೆ ಕನ್ನಡದಲ್ಲಿ ಕರಪತ್ರ. ನಕಲಿ ಬೇರಿಂಗ್ ಎಂಬುದು ಸಾಮಾನ್ಯ ಪ್ರಯಾಣಿಕನಲ್ಲ. ಅದು ಒಂದು ದೇಶದಲ್ಲಿ ಹುಟ್ಟಿ, ಇನ್ನೊಂದರಲ್ಲಿ ಹೆಸರಿಲ್ಲದೆ ಹಡಗು ಹತ್ತಿ, ಮೂರನೆಯದರಲ್ಲಿ ಹೆಸರು ಪಡೆದು, ಕೊನೆಗೆ ಸಂಡೂರಿನ ಅದಿರು ಲಾರಿಯ ಗಾಲಿ ಸೇರುತ್ತದೆ. ನನ್ನ ಹತ್ತಿರ ಇನ್ನೂ ಪಾಸ್‌ಪೋರ್ಟ್ ಇಲ್ಲ. ಆದ್ದರಿಂದಲೇ ದೇಶದೇಶಗಳು ಕೈಜೋಡಿಸದೆ ಇದನ್ನು ತಡೆಯಲಾಗದು ಎಂದು ನಾನು ಪ್ರತಿ ವರದಿಯ ಕೊನೆಗೂ ಬರೆಯುತ್ತೇನೆ. ಅದು ನಿಜವೂ ಹೌದು.

ನಕಲಿ ಮಾಡುವವನಿಗೆ ಬೇರಿಂಗ್ ಸುಲಭ, ಪೆಟ್ಟಿಗೆಯೇ ಕಷ್ಟ. ಮಿರಿಮಿರಿ ಮಿಂಚುವ ಆ ಸ್ಟಿಕರು, ಆ ಸಂಖ್ಯೆ, ಆ ಗಟ್ಟಿ ರಟ್ಟು ಅವನಿಂದಾಗದು. ಆದ್ದರಿಂದ ಅವನು ಅಸಲಿ ಕಂಪನಿಯ ಖಾಲಿ ಪೆಟ್ಟಿಗೆಗಳನ್ನು ಗುಜರಿಯಿಂದ ಕೊಂಡು ತನ್ನ ಮಾಲು ತುಂಬುತ್ತಾನೆ. ‘ಖಾಲಿ ಪೆಟ್ಟಿಗೆಯನ್ನು ಹರಿದುಹಾಕಿ. ನೀವು ಉಳಿಸಿದ ಪೆಟ್ಟಿಗೆ ಒಬ್ಬರ ಜೀವ ತೆಗೆಯಬಹುದು’ ಎಂಬ ಕರಪತ್ರ ಕಂಪ್ಲಿಯಿಂದ ಕುರೆಕುಪ್ಪದವರೆಗೆ ಪ್ರತಿ ಸ್ಪೇರ್ ಅಂಗಡಿಯ ಗೋಡೆಯ ಮೇಲಿದೆ. ಬರೆದವಳು ನಾನು. ಎರಡನೆಯ ವಾಕ್ಯವನ್ನು ನಾಲ್ಕು ಸಲ ತಿದ್ದಿದ್ದೆ.

ಕರಪತ್ರದ ಜೊತೆಗೆ ಊರೂರಿನಲ್ಲಿ ಅಸಲಿ-ನಕಲಿ ಪ್ರದರ್ಶನ ಮಾಡಿದೆವು. ಅದಕ್ಕೆಂದು ಕಂಪನಿಯೊಂದು ಎಂಟು ಅಸಲಿ ಬೇರಿಂಗ್‌ಗಳನ್ನು ಪೆಟ್ಟಿಗೆ ಸಮೇತ ಕೊಟ್ಟಿತ್ತು. ಪ್ರದರ್ಶನ ಮುಗಿದ ಮೇಲೆ ಬೇರಿಂಗ್ ಹಿಂತಿರುಗಿಸಿ, ಪೆಟ್ಟಿಗೆಗಳನ್ನು ಹರಿದು, ಹರಿದದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಹರಿಯುವ ಕೆಲಸ ನಮ್ಮ ಕಚೇರಿಯ ಅಟೆಂಡರ್ ವಿರುಪಾಕ್ಷಪ್ಪನವರದು. ಆ ದಿನ ಅವರು ಪೆಟ್ಟಿಗೆಗಳನ್ನು ನನ್ನ ಮೇಜಿನ ಮೇಲೆ ತಂದಿಟ್ಟು, “ಮೇಡಮ್ಮಾರ, ನೋಡ್ರಿ ಎಷ್ಟ್ ಗಟ್ಟಿ ಅದಾವು. ಹರಿಯಾಕ ಮನಸಽ ಬರವಲ್ದು” ಎಂದರು. ನನಗೂ ಬರಲಿಲ್ಲ. ಸಕ್ಕರೆಯ ಪೊಟ್ಟಣದ ದಾರವನ್ನೂ ಉಂಡೆ ಸುತ್ತಿಡುವ ಮನೆಯಲ್ಲಿ ಬೆಳೆದವಳು ನಾನು. “ಇರಲಿ, ನಾನು ನೋಡ್ಕೋತೀನಿ, ನೀವು ಸಹಿ ಮಾಡಿ” ಎಂದೆ. ಅವರು ಮಾಡಿದರು. ನಾನು ಎಂಟೂ ಪೆಟ್ಟಿಗೆಗಳನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ ಅಮ್ಮನ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿ ಹೊಸ ಡಬ್ಬಿ ಅರಿಸಿನ ಕುಂಕುಮವಿಲ್ಲದೆ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅಮ್ಮ ಅದನ್ನು ಮುಗಿಸಿ, ಮಸಾಲೆ ಪದಾರ್ಥಗಳನ್ನು ಕವರಿನಲ್ಲಿ ಕಟ್ಟಿ ಒಳಗಿಟ್ಟು, ಯಾವುದನ್ನು ಯಾವಾಗ ಬಿಸಿಲಿಗೆ ಹಾಕಬೇಕೆಂದು ಮುಚ್ಚಳದಲ್ಲಿ ಬರೆದಿಟ್ಟಳು. ನಾನು ಮರೆತೆ.

ಈಗ ಆ ಎಂಟರಲ್ಲಿ ಒಂದು ಸಭೆಯ ಮೇಜಿನ ಮೇಲೆ, ಪಾರದರ್ಶಕ ಚೀಲದಿಂದ ಹೊರಬಂದು, ನನ್ನ ಕಡೆ ಬಾಯಿ ತೆರೆದು ಕೂತಿತ್ತು. ಸಂಡೂರಿನ ಘಾಟಿ ಇಳಿಯುತ್ತಿದ್ದ ಅದಿರು ಲಾರಿಯೊಂದರ ಗಾಲಿ ಬಿಗಿದು, ಲಾರಿ ಗುಡ್ಡಕ್ಕೆ ಒರಗಿ ನಿಂತಿತ್ತು. ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ. ಅದು ಎಡಕ್ಕೆ ಒರಗಿದ್ದರಿಂದ ಡ್ರೈವರ್ ಬದುಕಿದ. ಗಾಲಿಯೊಳಗಿದ್ದ ನಕಲಿ ಬೇರಿಂಗ್ ಕಂಪ್ಲಿಯ ಅಂಗಡಿಯೊಂದರದು. ಗಾಬರಿಯಾದ ಅಂಗಡಿಯವನು ಅದು ಬಂದಿದ್ದ ಪೆಟ್ಟಿಗೆಯನ್ನು ತಾನೇ ತಂದು ನಮಗೊಪ್ಪಿಸಿದ್ದ. ಅದನ್ನು ಪರೀಕ್ಷಿಸಲು ಬೇರಿಂಗ್ ತಯಾರಕರ ಅಂತಾರಾಷ್ಟ್ರೀಯ ಒಕ್ಕೂಟದಿಂದ ಇಂಗ್ರಿಡ್ ಎಂಬ ಜರ್ಮನ್ ಮಹಿಳೆ ಬಂದಿದ್ದರು. ಮಾತು ಕಡಿಮೆ, ನೋಟ ಜಾಸ್ತಿ. ನನ್ನಂಥವರೇ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಇಂಗ್ರಿಡ್ ಕೈಗವಸು ಹಾಕಿಕೊಂಡು ಪೆಟ್ಟಿಗೆಯನ್ನು ಮೂಸಿದರು. ಏನೋ ರಾಸಾಯನಿಕ ವಾಸನೆ ಎಂದರು. ಅದು ಜೀರಿಗೆ ಎಂದು ನನಗೆ ಮೇಜಿನ ಈಚೆಗೇ ಗೊತ್ತಾಗಿತ್ತು. ಆಮೇಲೆ ಆ ಗುರುತಿನ ಫೋಟೊ ತೆಗೆದು, ಹಳದಿಯ ಮೇಲೆ ಮೂರು ಕೆಂಪು ಚುಕ್ಕಿ, ಇದು ತಂಡದ ಮುದ್ರೆಯಿರಬೇಕು, ಬರಹ ಏನು ಎಂದು ದುಭಾಷಿಯನ್ನು ಕೇಳಿದರು. ದುಭಾಷಿ ನಾನು.

ಅನುವಾದದಲ್ಲಿ ನಾನು ತಪ್ಪು ಮಾಡುವವಳಲ್ಲ. “ಅಮಾವಾಸ್ಯೆಯ ನಂತರ, ಒಂದು ಬಿಸಿಲು” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ಇದನ್ನು ನಮ್ಮಮ್ಮ ಬರೆದಳು ಎಂಬುದು ಮೂಲದಲ್ಲಿ ಇರಲಿಲ್ಲವಲ್ಲ.

ನಮ್ಮ ಸಂಘದ ಕಾರ್ಯದರ್ಶಿಗಳು ಕುರ್ಚಿಯ ತುದಿಗೆ ಬಂದರು. “ಗೊತ್ತಾತು ಬಿಡ್ರಿ! ಅಮಾಸಿ ಕತ್ತಲಾಗ ಮಾಲು ಬರ್ತೈತಿ, ಒಂದು ಬಿಸಿಲು ಅಂದ್ರ ಒಂದು ಹಗಲಿನಾಗ ಖಾಲಿ ಮಾಡ್ತಾರ. ಎಂಥಾ ಖದೀಮರು!” ಎಂದರು. ನಾನು ಇದನ್ನೂ ಅನುವಾದ ಮಾಡಬೇಕಾಯಿತು. ಇಂಗ್ರಿಡ್ ಬರೆದುಕೊಂಡರು. ಮುಂದಿನ ಅಮಾವಾಸ್ಯೆಗೆ ಕಂಪ್ಲಿ ಸೇತುವೆಯ ಬಳಿ ಕಾವಲು ಹಾಕಿಸುವ ಮಾತಾಯಿತು. ಮೂರು ಚುಕ್ಕಿಯ ಗುರುತನ್ನು ಒಕ್ಕೂಟದ ಎಲ್ಲ ದೇಶಗಳ ಬಂದರುಗಳಿಗೂ ಕಳಿಸಬೇಕು ಎಂದರು. ಆ ಟಿಪ್ಪಣಿಯನ್ನು ಟೈಪ್ ಮಾಡಿದವಳೂ ನಾನೇ. ನಮ್ಮಮ್ಮನ ಅರಿಸಿನ ಕುಂಕುಮವನ್ನು ಯಾವುದೋ ಸಮುದ್ರದ ದಡದಲ್ಲಿ ಕಸ್ಟಮ್ಸಿನವರು ಭೂತಗನ್ನಡಿ ಹಿಡಿದು ಹುಡುಕುವ ಚಿತ್ರ ಕಣ್ಣ ಮುಂದೆ ಬಂತು. ನಗು ಬರಬೇಕಿತ್ತು. ಟಿಪ್ಪಣಿಗೆ ತಾರೀಖು ಹಾಕಿದೆ.

ಅಷ್ಟರಲ್ಲಿ ಇಂಗ್ರಿಡ್ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಹಾಕಿ ನೋಡಿ ತಲೆಯೆತ್ತಿದರು. ಈ ಪೆಟ್ಟಿಗೆ ಮಾರಾಟಕ್ಕೆ ಹೋಗಿದ್ದಲ್ಲ, ನಿಮ್ಮದೇ ಕಚೇರಿಗೆ ಪ್ರದರ್ಶನಕ್ಕೆ ಕೊಟ್ಟಿದ್ದು ಎಂದರು. ಕೋಣೆ ಒಮ್ಮೆಲೇ ಸಣ್ಣದಾಯಿತು. ರಿಜಿಸ್ಟರ್ ಬಂತು. ‘ಎಂಟು ಪೆಟ್ಟಿಗೆ ಹರಿದು ನಾಶಪಡಿಸಲಾಗಿದೆ’ ಎಂಬ ಸಾಲಿನ ಮುಂದೆ ವಿರುಪಾಕ್ಷಪ್ಪನವರ ದುಂಡನೆಯ ಸಹಿ. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರನ್ನು ಕಾರ್ಯದರ್ಶಿಗಳು ಒಳಗೆ ಕರೆದರು.

“ಏನಪಾ ವಿರುಪಾಕ್ಷಿ, ಹರಿದ ಪೆಟ್ಟಿಗಿ ಕಾಲು ಬಂದು ಕಂಪ್ಲಿಗೆ ನಡಕೊಂಡು ಹೋತೇನು?”

ವಿರುಪಾಕ್ಷಪ್ಪನವರು ಒಂದು ಸಲ, ಒಂದೇ ಸಲ, ನನ್ನ ಕಡೆ ನೋಡಿದರು. ಆಮೇಲೆ ತಟ್ಟೆಯ ಕಡೆ ನೋಡುತ್ತಾ, “ಸೈನು ನಂದಽ ಐತ್ರಿ ಸರ್” ಎಂದರು.

“ಯಾರಿಗೆ ಮಾರಿದಿ?”

“ಮಾರಿಲ್ರಿ. ಸೈನು ಮಾತ್ರ ನಂದು.”

ಅವರು ಗುತ್ತಿಗೆಯ ಮೇಲೆ ಇರುವವರು. ನಾಳೆ ಹತ್ತು ಗಂಟೆಗೆ ಮೆಮೊ ಕೊಟ್ಟು ಕೆಲಸದಿಂದ ತೆಗೆಯುವುದೆಂದೂ, ಹೆಸರನ್ನು ಪೊಲೀಸರಿಗೆ ಕೊಡುವುದೆಂದೂ ತೀರ್ಮಾನವಾಯಿತು. ನಾನು ನನ್ನ ವಾಕ್ಯವನ್ನು ತಿದ್ದುತ್ತಿದ್ದೆ. ‘ಒಂದು ನಿಮಿಷ’ ಎಂದು ಶುರು ಮಾಡುವುದೋ, ‘ಕ್ಷಮಿಸಿ’ ಎಂದು ಶುರು ಮಾಡುವುದೋ ಎಂಬಲ್ಲಿಗೆ ಬಂದಿದ್ದೆ. ಕುರ್ಚಿಗಳು ಖಾಲಿಯಾದವು. ಫ್ಯಾನ್ ಆರಿಸಲು ಬಂದವರು ವಿರುಪಾಕ್ಷಪ್ಪನವರೇ. ಅವರ ಎದುರಿಗೂ ವಾಕ್ಯ ಹೊರಡಲಿಲ್ಲ. ಅವರೇ, “ಮನಿಗ್ ಹೋಗ್ರಿ ಮೇಡಮ್ಮಾರ, ಮುಖ ಬಾಡೈತಿ” ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಮ್ಮನನ್ನು ಕೇಳಿದೆ, “ಆ ಬೇರಿಂಗ್ ಪೆಟ್ಟಿಗೆ ಎಲ್ಲಿ?”

“ಐದು ಅಲ್ಲೇ ಅವ ನೋಡು. ಮೂರು ಹಳೇ ಪೇಪರಿನವಂಗ ಕೊಟ್ಟೆ. ಚಹಾ ಸೋಸೋ ಜರಡಿ ಕೊಟ್ಟ, ಭಾಳ ಚಲೋ ಅದ. ಯಾಕ, ಏನಾತು?”

ಹೇಳಿದೆ. ಅಮ್ಮ ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಘಾಟಿಯ ಲಾರಿಯ ವಿಷಯ ಬಂದಾಗ ಮಾತ್ರ ಈಳಿಗೆಯ ಮೇಲೆ ಕೈ ನಿಂತಿತು. “ಡ್ರೈವರ್‌ಗೆ ಏನೂ ಆಗಿಲ್ಲಲ್ಲ?” ಎಂದು ಎರಡು ಸಲ ಕೇಳಿದಳು. ಆಮೇಲೆ ನನ್ನನ್ನು ನೋಡಿದಳು.

“ನಾ ಓದಿಲ್ಲ ನಿಮ್ಮ ಕರಪತ್ರ. ನೀನೇ ಬರದಾಕಿ. ನೀ ಆದ್ರೂ ಓದಬಾರದಿತ್ತೇನು?”

“ನಾಳೆ ಒಂದು ಪತ್ರ ಕೊಡ್ತೀನಿ ಅಮ್ಮಾ.”

“ಪತ್ರ ಯಾಕ? ಬಾಯಿಲ್ಲೇನು? ಸೈನು ಮಾಡಿದಾವ ಅವ, ಮಾಡಿಸಿದಾಕಿ ನೀನು. ಇಷ್ಟಽ ಅಲ್ಲ ಹೇಳೋದು?” ಎಂದಳು. ಹೋಳುಗಳನ್ನು ಪಾತ್ರೆಗೆ ಹಾಕುತ್ತಾ, “ನನ್ನ ಕುಂಕುಮ ಜರ್ಮನಿ ತನಕ ಹೋತಾ?” ಎಂದೂ ಕೇಳಿದಳು. ದನಿಯಲ್ಲಿ ಪಶ್ಚಾತ್ತಾಪ ಪೂರ್ತಿ ಇರಲಿಲ್ಲ.

ನಾನು ಪತ್ರವನ್ನೇ ಬರೆದೆ. ಮೊದಲ ಕರಡಿನಲ್ಲಿ, ‘ಸದರಿ ಪೆಟ್ಟಿಗೆಗಳು ಅನವಧಾನದಿಂದ ನಿವಾಸಕ್ಕೆ ತಲುಪಿರುವುದು ಕಂಡುಬಂದಿರುತ್ತದೆ’ ಎಂದಿತ್ತು. ಓದಿದರೆ ಪೆಟ್ಟಿಗೆಗಳೇ ದಾರಿ ಕೇಳಿಕೊಂಡು ನಮ್ಮ ಮನೆಗೆ ಬಂದ ಹಾಗಿತ್ತು. ಎರಡನೆಯದರಲ್ಲಿ ನಿವಾಸ ಹೋಗಿ ಮನೆ ಬಂತು, ಆದರೆ ಯಾರ ಮನೆ ಎಂಬುದು ಬರಲಿಲ್ಲ. ಮೂರನೆಯದರಲ್ಲಿ ‘ನಾನು’ ಬಂತು, ಕೊನೆಯ ಸಾಲಿನಲ್ಲಿ, ಸಹಿಗೆ ತೀರಾ ಹತ್ತಿರ. ಇಷ್ಟು ವರ್ಷ ಸರ್ಕಾರಕ್ಕೆ ಮನವಿ ಬರೆದ ಕೈ. ತಪ್ಪು ಮಾಡಿದವರು ಯಾರೆಂದು ತಿಳಿಯದ ಹಾಗೆ ತಪ್ಪನ್ನು ವಿವರಿಸುವುದರಲ್ಲಿ ಅದು ಪಳಗಿಬಿಟ್ಟಿತ್ತು. ಮೂರು ಕರಡುಗಳನ್ನೂ ಹರಿದೆ. ಹರಿಯುವುದು ಅಷ್ಟೇನೂ ಕಷ್ಟವಲ್ಲ ಎಂದು ಆಗ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಏಳೂವರೆಗೆ, ಸಭೆಗೆ ಬಂದ ಅತಿಥಿಗಳಿಗೆ ಹಂಪಿ ತೋರಿಸಿ ಹತ್ತರೊಳಗೆ ಮರಳಬೇಕಿದ್ದ ಮಿನಿ ಬಸ್ಸು ಕಚೇರಿಯ ಮುಂದೆ ನಿಂತಿತ್ತು. ಇಂಗ್ರಿಡ್ ಕಿಟಕಿಯ ಪಕ್ಕ, ಕಾರ್ಯದರ್ಶಿಗಳು ಮುಂದಿನ ಸೀಟಿನಲ್ಲಿ. ಮೆಮೊ ಹತ್ತಕ್ಕೆ ತಾನೆ, ಅದುವರೆಗೆ ಕೆಲಸ ಇದ್ದೇ ಇದೆ ಎನ್ನುವ ಹಾಗೆ ವಿರುಪಾಕ್ಷಪ್ಪನವರು ನೀರಿನ ಬಾಟಲಿಗಳನ್ನು ಹಿಂದಕ್ಕೆ ಜೋಡಿಸುತ್ತಿದ್ದರು. ಅಡುಗೆಮನೆಯಿಂದ ಇದ್ದ ಹಾಗೆಯೇ ತಂದಿದ್ದ ಐದು ಪೆಟ್ಟಿಗೆಗಳನ್ನು ನಾನು ಬ್ಯಾಗಿನಿಂದ ತೆಗೆದು ಇಂಗ್ರಿಡ್ ಅವರ ಮಡಿಲಲ್ಲಿ ಒಂದೊಂದಾಗಿ ಇಟ್ಟೆ. ಐದರ ಮುಚ್ಚಳದಲ್ಲೂ ಅರಿಸಿನ, ಮೂರು ಚುಕ್ಕಿ. ಮೂರನೆಯದು ಬಲಕ್ಕೆ ಜಾರಿದ್ದು.

ಒಂದೇ ವಾಕ್ಯ ಹೇಳಿದೆ. ತಿದ್ದಲು ಸಮಯವಿರಲಿಲ್ಲ. “ಪೆಟ್ಟಿಗೆ ಮನೆಗೆ ಒಯ್ದವಳು ನಾನು, ವಿರುಪಾಕ್ಷಪ್ಪನವರು ನನ್ನ ಮಾತಿಗೆ ಸಹಿ ಮಾಡಿದರು, ಈ ಚುಕ್ಕಿ ಇಟ್ಟವರು ನಮ್ಮಮ್ಮ, ಅಮಾವಾಸ್ಯೆ ಆದ ಮೇಲೆ ಬಿಸಿಲಿಗೆ ಹಾಕಬೇಕಾದ್ದು ಜೀರಿಗೆ.” ಮೊದಲು ಕನ್ನಡದಲ್ಲಿ, ಹಿಂದೆ ಕೂತವರಿಗೂ ಕೇಳುವಷ್ಟು ಜೋರಾಗಿ. ಆಮೇಲೆ ಇಂಗ್ಲಿಷಿನಲ್ಲಿ.

ಕಾರ್ಯದರ್ಶಿಗಳು ಕೈಗಡಿಯಾರ ನೋಡಿಕೊಂಡರು. “ಮೆಮೊ ಹತ್ತಕ್ಕಽ ಇರಲಿ. ಹೆಸರು ಬದಲಿ ಮಾಡ್ರಿ” ಎಂದರು, ತಿರುಗದೆ. ಮೆಮೊ ಟೈಪ್ ಮಾಡುವವಳು ನಾನೇ ಆದ್ದರಿಂದ, “ಆಯ್ತು ಸರ್” ಎಂದೆ. ಇಂಗ್ರಿಡ್ ಪುಸ್ತಕ ತೆರೆದು ಅಮಾವಾಸ್ಯೆಯನ್ನು ಹೊಡೆದುಹಾಕಿದರು, ಚುಕ್ಕಿಗಳನ್ನು ಹೊಡೆದುಹಾಕಿದರು. ಉಳಿದ ಮೂರು ಎಲ್ಲಿ ಎಂದು ಕೇಳಿ, ಹಳೇ ಪೇಪರಿನವನನ್ನು ಮಾತ್ರ ಹೊಸದಾಗಿ ಬರೆದುಕೊಂಡರು. ದಾರಿ ಅಲ್ಲಿಂದ ಮುಂದಕ್ಕಿದೆ ಎಂದರು. ದುಭಾಷಿಯಾಗಿ ನಾನು, ನೀರು ಕೊಡಲು ವಿರುಪಾಕ್ಷಪ್ಪನವರು, ಎಲ್ಲರನ್ನೂ ಹೊತ್ತು ಬಸ್ಸು ಹೊರಟಿತು. ಕಡ್ಡಿರಾಂಪುರ ಹತ್ತಿರ ಬರುವ ಹೊತ್ತಿಗೆ ಅವರು ಒಂದು ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, ಸ್ವಲ್ಪ ಸಂಕೋಚದಿಂದ, ರಟ್ಟು ನಿಜವಾಗಿಯೂ ಬಹಳ ಗಟ್ಟಿಯಾಗಿದೆ, ಇದೊಂದನ್ನು ನಾನು ಇಟ್ಟುಕೊಳ್ಳಲೇ, ಮನೆಯಲ್ಲಿ ಗುಂಡಿ ದಾರ ಹಾಕಿಡಲು ಎಂದು ಕೇಳಿದರು.

ಅದೊಂದು ಮಾತು ಕೇಳಿ ನನಗೆ ಎಲ್ಲಿಂದಲೋ ಧೈರ್ಯ ಬಂತು. ಸಾಧ್ಯವಿಲ್ಲ ಎಂದೆ. ಪೆಟ್ಟಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು, ಕರಪತ್ರದಲ್ಲಿ ನಾನೇ ಬರೆದಿದ್ದ ಪ್ರಕಾರ ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ, ಎರಡೂ ಕೈ ಹಾಕಿ ಹರಿದೆ. ‘ಖಾಲಿ’ ಎಂಬ ಮೊದಲ ಪದವನ್ನು ಮರೆತಿದ್ದೆ. ಒಳಗಿನ ಕವರೂ ಹರಿದು, ಅರ್ಧ ಕಿಲೋ ಜೀರಿಗೆ ಬಸ್ಸಿನ ತುಂಬ ಹರಡಿತು.

ಹಂಪಿ ಬರುವವರೆಗೆ ನಾನು ಸೀಟುಗಳ ಕೆಳಗೆ ಮೊಣಕಾಲೂರಿ ಜೀರಿಗೆ ಆರಿಸಿದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೆರಡು ಕೈಗಳು ಬಂದವು. “ಪೂರಾ ಆರಸ್ರಿ ಮೇಡಮ್ಮಾರ,” ಎಂದರು ವಿರುಪಾಕ್ಷಪ್ಪನವರು, “ಈ ಸಲ ಕೆಲಸ ಮುಗದ ಮ್ಯಾಲೆಽ ನಾ ಸೈನು ಮಾಡೋದು.”