ರಂಗೋಲಿ ಬಚ್ಚಲು

ಸಿಂಚನಾ, ತೇಜು,

ನಿಮ್ಮ ಸಣ್ಣಜ್ಜಿ, ಅಂದರೆ ನಿಮ್ಮಜ್ಜನ ತಂಗಿ, ನನ್ನ ನಾದಿನಿ, ಒಂದು ದಿನ ಹಾಡುಹಗಲೇ ನನ್ನನ್ನು ಬೀದಿಯಲ್ಲಿ ಕೂರಿಸಿ ಸ್ನಾನ ಮಾಡಿಸಿದಳು. ಆದಿವಾಲದ ಅರ್ಧ ಊರು ನೋಡಿತು. ಹಿರಿಯೂರಿಗೆ ಹೊರಟಿದ್ದ ಬಸ್ಸಿನವರೂ ಕಿಟಕಿಯಿಂದ ಕತ್ತು ಹಾಕಿ ನೋಡಿದರು! ಗಾಬರಿಯಾಗಬೇಡಿ. ನಾನು ಸೀರೆ ಉಟ್ಟುಕೊಂಡೇ ಇದ್ದೆ, ಚೊಂಬಿನಲ್ಲಿ ಒಂದು ಹನಿ ನೀರೂ ಇರಲಿಲ್ಲ. ಆದರೂ ಆ ಸ್ನಾನದಲ್ಲಿ ನಾನು ಬೆವತಷ್ಟು ಯಾವ ಬೇಸಿಗೆಯಲ್ಲೂ ಬೆವತಿಲ್ಲ.

ನೀವಿಬ್ಬರೂ ಆಗ ದುರ್ಗದ ಹಾಸ್ಟೆಲಿನಲ್ಲಿದ್ದಿರಿ. ರಜೆಗೆ ಬಂದವರು ಹೊಸ ಬಚ್ಚಲನ್ನು ನೋಡಿ, "ಅಜ್ಜಿ, ಇದೇನು ಕಾರು ನಿಲ್ಲಿಸೋ ಟೈಲ್ಸು!" ಎಂದು ಬಿದ್ದು ಬಿದ್ದು ನಕ್ಕಿರಿ. ಅದರ ಹಿಂದಿನ ಕಥೆಯನ್ನು ಬಾಯಲ್ಲಿ ಹೇಳಲು ನನ್ನಿಂದಾಗದು. ನಾಲ್ಕು ಜನ ನನ್ನ ಕಡೆ ನೋಡಿದರೆ ಮಾತು ಗಂಟಲಲ್ಲೇ ಕುಳಿತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಕಲಿತ ಅಕ್ಷರ. ತಪ್ಪಿದ್ದರೆ ಅದಕ್ಕೆ ನಗಬೇಡಿ, ನಗಲು ಬೇರೆ ಬೇಕಾದಷ್ಟಿದೆ.

ಹಿತ್ತಲಿನ ಹಳೇ ಬಚ್ಚಲಲ್ಲಿ ಪಾಚಿಗೆ ಜಾರಿ ಬಿದ್ದು ನನ್ನ ಬಲಗೈ ಮಣಿಕಟ್ಟು ಮುರಿದದ್ದು ನಿಮಗೆ ಗೊತ್ತು. ಕಟ್ಟು ಬಿಚ್ಚಿದ ಮೇಲೆ ಏನಾಯಿತೆಂಬುದು ಗೊತ್ತಿಲ್ಲ. ಅವ್ವ ಇನ್ನು ಮುಂದೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುವಂತಿಲ್ಲ ಎಂದು ನಿಮ್ಮಪ್ಪ ಕಾನೂನು ಮಾಡಿದ. ಬಾಗಿಲು ಅರ್ಧ ತೆರೆದಿರಬೇಕು, ನಿಮ್ಮಮ್ಮ ಅಲ್ಲೇ ನಿಂತಿರಬೇಕು. ನಿಮ್ಮಮ್ಮ ಬಂಗಾರದಂಥವಳು, ಪಾಪ, ಗೋಡೆಯ ಕಡೆ ಮುಖ ಮಾಡಿಯೇ ನಿಲ್ಲುತ್ತಿದ್ದಳು. ಆದರೆ ನಾನು ಎಂಥವಳು? ಬಾಣಂತಿಯಾಗಿದ್ದಾಗ ಎರೆಯುವ ಮುದುಕಿಗೆ "ಕಣ್ಣು ಮುಚ್ಚಿಕೊಂಡು ನೀರು ಹಾಕು" ಎಂದವಳು! ಆಕೆ ಹಾಗೆಯೇ ಮಾಡಿ ಅರ್ಧ ಹಂಡೆ ನೀರನ್ನು ಗೋಡೆಗೆ ಎರೆದಿದ್ದಳು.

ಆ ದಿನಗಳಲ್ಲಿ ನಾನು ಎರಡು ಚೊಂಬು ಮೈಮೇಲೆ ಹುಯ್ದುಕೊಂಡು "ಆಯ್ತು" ಎಂದು ಹೊರಗೆ ಬಂದುಬಿಡುತ್ತಿದ್ದೆ. ಬೆನ್ನು ಸೋಪು ಕಂಡು ಎಷ್ಟೋ ಕಾಲವಾಗಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ: ಬಾಗಿಲು ಮುಂದೆ ಮಾಡಿ, ಒಳಗಿನಿಂದ ಚಿಲಕ ಹಾಕಿಕೊಂಡು, ಒಬ್ಬಳೇ ಕುಳಿತು ಒಂದು ಸ್ನಾನ. ಯಾರಿಗೂ ಹೇಳಿರಲಿಲ್ಲ. ಹೇಳುವ ಮಾತೇ ಅದು?

ಸಣ್ಣಜ್ಜಿಗೆ ಹೇಳಬೇಕಾಗಲಿಲ್ಲ. ಒಂದು ಮಧ್ಯಾಹ್ನ ನನ್ನ ತಲೆ ಬಾಚುತ್ತಿದ್ದವಳು ಕತ್ತಿನ ಹಿಂದೆ ಬೆರಳಾಡಿಸಿ, "ಅತ್ಗೆ, ಇಲ್ಲಿ ಒಂದು ಸಾಲು ರಾಗಿ ಬಿತ್ತಬಹುದು" ಎಂದಳು. ಆಮೇಲೆ ಬಾಚಣಿಗೆಯನ್ನು ನನ್ನ ತಲೆಯಲ್ಲೇ ಬಿಟ್ಟು, ಸೀದಾ ನಿಮ್ಮಪ್ಪನ ಮುಂದೆ ಹೋಗಿ ನಿಂತಳು. "ಲೇ, ನಿಮ್ಮವ್ವಗೆ ಮನೆ ಒಳಗೆ ಒಂದು ಬಚ್ಚಲು ಕಟ್ಸು. ಬಾಗ್ಲು ಹಾಕ್ಕಂಡು ಕುಂತ್ಕಳಂಥದ್ದು."

ನಿಮ್ಮಪ್ಪ ಒಪ್ಪಿದ. ಮಾರನೆಯ ದಿನ ಬಬ್ಬೂರಿನ ಕೆಲಸದಿಂದ ಬಂದವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಮುಖ ಕಾಣುವಷ್ಟು ಮಿಂಚುವ ಕರಿ ಟೈಲ್ಸು, ನಡುವೆ ಗಾಜಿನ ತಡಿಕೆ, ಮೂಲೆಯಲ್ಲಿ ಒಂದು ಹೂವಿನ ಗಿಡ! ಸಣ್ಣಜ್ಜಿ ಮೊಬೈಲನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಎಲ್ಲಾ ಐತೆ. ನಿಮ್ಮವ್ವ ಎಲ್ಲವ್ಳೆ ಇದ್ರಾಗೆ?"

"ಫೋಟೋದಾಗೆ ಜನ ಇರಲ್ಲ ಅತ್ತೆ."

"ಅದ್ಕೇ ಅಷ್ಟು ಚೆಂದ ಕಾಣ್ತೈತೆ."

ಅವಳ ಗಂಡನ ಮನೆ ನಮ್ಮ ಬೀದಿಯ ಆ ತುದಿಯಲ್ಲೇ ಇದೆಯಲ್ಲ, ಕುರಿ ಸಾಕುವ ಮನೆ. ಆ ಮನೆ ಸೇರಿದ ಮೇಲೆ ಅವಳು ಲೋಕವನ್ನೆಲ್ಲ ಕುರಿಯ ಲೆಕ್ಕದಲ್ಲೇ ನೋಡುವುದು. "ಕುರಿಗೆ ರೊಪ್ಪ ಕಟ್ಟೋರೂ ಮೊದ್ಲು ಗೆರೆ ಎಳೆದು, ಕುರಿ ನಿಲ್ಲಿಸಿ ನೋಡ್ತಾರೆ. ನಮ್ಮತ್ಗೆನ ನಿಲ್ಲಿಸಿ ನೋಡದೆ ಬಚ್ಚಲು ಹೆಂಗೋ ಕಟ್ಟೋದು?" ಎಂದಳು. ಸುಮ್ಮನೆ ಅಂದಳೆಂದುಕೊಂಡೆ. ಅವಳು ಸುಮ್ಮನೆ ಅನ್ನುವವಳಾ?

ಬೆಳಗಾಗೆದ್ದು ನೋಡುತ್ತೇನೆ, ಮನೆಯ ಮುಂದೆ ಚುಕ್ಕಿಯಿಲ್ಲದ, ಎಳೆಯಿಲ್ಲದ ಒಂದು ಬೋಳು ಚೌಕ ರಂಗೋಲಿ! ಬರುವ ಬಚ್ಚಲು ಎಷ್ಟು ಉದ್ದಗಲವೋ ಅಷ್ಟೇ. ಒಳಗೆ ನಮ್ಮ ಬಕೆಟ್ಟು, ನನ್ನ ಮಣೆ. ಕಮೋಡಿನ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಜಾಗದಲ್ಲಿ ಚಾಪೆ ಹಿಡಿದುಕೊಂಡು ನಿಮ್ಮಮ್ಮ. ಪಕ್ಕದಲ್ಲಿ ಗಾರೆ ಮೇಸ್ತ್ರಿ, ಕೈಯಲ್ಲಿ ಟೇಪು, ಮುಖದಲ್ಲಿ ಭಯ.

ಎದುರು ಮನೆಯಾಕೆ ಕಸ ಗುಡಿಸುವುದನ್ನು ನಿಲ್ಲಿಸಿ, "ಏನ್ರಮ್ಮ ಇದು, ಯಾರಾದ್ರೂ ಮಾಟ ಮಾಡ್ಸವ್ರಾ?" ಎಂದಳು.

"ಮಾಟ ಅಲ್ಲ, ಬಚ್ಚಲು! ಗೆರೆ ದಾಟಬ್ಯಾಡ್ರಿ, ಒಳಗೆ ಹೆಂಗಸ್ರು ಅವ್ರೆ!" ಎಂದಳು ಸಣ್ಣಜ್ಜಿ.

ಒಳಗಿದ್ದ ಹೆಂಗಸು ನಾನು. ಮಣೆಯ ಮೇಲೆ ಕುಳಿತು, ಬರಿಯ ಚೊಂಬಿನಿಂದ ಬರಿಯ ಗಾಳಿಯನ್ನು ತಲೆಗೆ ಸುರಿದುಕೊಳ್ಳುತ್ತಿದ್ದೆ. "ಬೆನ್ನು ಉಜ್ಜು! ಮೊಣಕೈ ಗೋಡೆಗೆ ತಾಗ್ತಾ?" ಎಂದು ಅವಳು ಕೂಗುತ್ತಿದ್ದಳು. ತಾಗಲು ಗೋಡೆ ಎಲ್ಲಿದೆ? ಅದಕ್ಕಿಂತ ಹೆಚ್ಚಿನ ಪೇಚೆಂದರೆ ದಾರಿಯಲ್ಲಿ ಹೋಗುವ ಗಂಡಸರದು. ಹಾಲು ಹಾಕುವವನು, ಕಾಯಿ ವ್ಯಾಪಾರದವನು, ಎಲ್ಲರೂ ಆ ಗೆರೆಯ ಹತ್ತಿರ ಬಂದ ಕೂಡಲೇ ಮುಖ ಆಚೆ ತಿರುಗಿಸಿಕೊಂಡು ಹೋದರು! ಇಲ್ಲದ ಗೋಡೆಗೆ ಅವರು ಕೊಟ್ಟ ಮರ್ಯಾದೆ ನೋಡಿ ನನಗೆ ಭೂಮಿಯೊಳಗೆ ಇಳಿದುಹೋಗೋಣ ಎನ್ನಿಸಿತು.

ಆದರೆ ಹೇಳಬೇಕಾದ ಮಾತು ಹೇಳಬೇಕು. ಮಣೆಯಿಂದ ಏಳುವಾಗ ನನ್ನ ಕೈ ತಾನಾಗಿ ಎಡಗಡೆ ಗಾಳಿಯನ್ನು ಹಿಡಿಯಲು ಹೋಯಿತು. "ಅಲ್ಲೇ! ಅಲ್ಲೇ ಕಂಬಿ ಬರ್ಬೇಕು ಮೇಸ್ತ್ರಿ, ಗುರ್ತು ಹಾಕ್ಕಳ್ರಿ!" ಎಂದಳು. ಬಕೆಟ್ಟಿಗೆ ಬಗ್ಗಿದಾಗ ತಲೆ ಕುರ್ಚಿಗೆ ಬಡಿಯಿತು, ಕಮೋಡು ಆ ಮೂಲೆಗೆ ಹೋಯಿತು. ಕೊನೆಗೆ ಬಾಗಿಲು. ಮೇಸ್ತ್ರಿ ಒಳಗಡೆಗೆ ತೆರೆಯುವ ಬಾಗಿಲೇ ವಾಡಿಕೆ ಎಂದ. "ಹಂಗಾ? ನಾನು ಒಳಗೆ ಬಿದ್ದಿದ್ದೀನಿ. ಈಗ ತೆಗಿರಿ ನೋಡಾಣ" ಎಂದವಳೇ ರಂಗೋಲಿಯೊಳಗೆ ಉದ್ದಕ್ಕೆ ಮಲಗಿಯೇಬಿಟ್ಟಳು, ಕಣ್ಣು ಮುಚ್ಚಿಕೊಂಡು, ಚಾಪೆಗೆ ಅಡ್ಡವಾಗಿ! ನಿಮ್ಮಮ್ಮ ಚಾಪೆಯನ್ನು ಒಳಗೆ ತಳ್ಳಿದಳು, ಅವಳ ಸೊಂಟಕ್ಕೆ ತಾಗಿ ನಿಂತಿತು. ಅಲ್ಲಿಗೆ ಮೇಸ್ತ್ರಿಗೆ ವಿಷಯ ಅರ್ಥವಾಯಿತು, ಬಾಗಿಲು ಹೊರಗಡೆಗೆ ತೆರೆಯುವುದೆಂದು ತೀರ್ಮಾನವೂ ಆಯಿತು. ಆದರೆ ಆಗಷ್ಟೇ ಬಂದ ದಾರಿಹೋಕನೊಬ್ಬನಿಗೆ ಇದ್ಯಾವುದೂ ಗೊತ್ತಿಲ್ಲವಲ್ಲ! ಬಿಸಿಲಿಗೆ ಯಾರೋ ಬಿದ್ದಿದ್ದಾರೆಂದು ಓಡಿಬಂದು, ನಮ್ಮ ತೊಟ್ಟಿಯಿಂದ ಒಂದು ಕೊಡ ನೀರು ತುಂಬಿ ಅವಳ ಮುಖಕ್ಕೆ ಸುರಿದುಬಿಟ್ಟ.

ಆ ರಂಗೋಲಿ ಬಚ್ಚಲಲ್ಲಿ ನಿಜವಾಗಿ ಸ್ನಾನವಾದದ್ದು ಅವಳೊಬ್ಬಳಿಗೇ.

ಆಮೇಲೆ ಟೈಲ್ಸು ತರಲು ಹಿರಿಯೂರಿಗೆ ಹೋದೆವು. ಅಂಗಡಿಯಾತ ಎ.ಸಿ. ಹಾಕಿ, ಟೀ ತರಿಸಿ, ಕನ್ನಡಿಯಂಥ ಟೈಲ್ಸನ್ನು ನೆಲದ ಮೇಲೆ ಜೋಡಿಸಿ ತೋರಿಸಿದ. ನಿಮ್ಮಪ್ಪನ ಕಣ್ಣು ಅದರ ಮೇಲೇ. ಸಣ್ಣಜ್ಜಿ ಚಪ್ಪಲಿ ಬಿಟ್ಟು, ಚೀಲದಿಂದ ಒಂದು ಸಣ್ಣ ಸೀಸೆ ತೆಗೆದಳು. ಹರಳೆಣ್ಣೆ!

"ಅಮ್ಮ, ಅಮ್ಮ! ಇದೇನು ಮಾಡ್ತಿದೀರಿ?"

"ನಮ್ಮತ್ಗೆ ವಾರಕ್ಕೊಂದ್ಸಲ ಎಣ್ಣೆ ಹಚ್ಕಂತಾಳಪ್ಪ. ನಿಮ್ಮ ಟೈಲ್ಸಿಗೆ ಅಭ್ಯಾಸ ಆಗ್ಲಿ."

ತಡೆಯಲೆಂದು ಓಡಿಬಂದ ಅಂಗಡಿಯಾತ, ಅವಳು ಆಗಲೇ ಸುರಿದಿದ್ದ ಎಣ್ಣೆಯ ಮೇಲೆ ಅವಳ ಪಾದದವರೆಗೂ ಜಾರಿಕೊಂಡೇ ಬಂದ. "ಏಳಪ್ಪ, ಏಳು. ನಮಸ್ಕಾರ ವ್ಯಾಪಾರ ಆದ್ಮೇಲೆ ಮಾಡುವೆಂತೆ" ಎಂದಳು. ಎಣ್ಣೆ ಒರೆಸಿದ್ದು ಮಾತ್ರ ನಾನು ಮತ್ತು ನಿಮ್ಮಪ್ಪ, ತಲೆ ತಗ್ಗಿಸಿಕೊಂಡು. ಅಷ್ಟರಲ್ಲಿ ಅವಳು ಅಂಗಡಿಯ ಹೊರಗೆ ಬಿಸಿಲಲ್ಲಿ ಒರಗಿಸಿಟ್ಟಿದ್ದ ಒರಟು ಟೈಲ್ಸಿನ ಮೇಲೆ ಕಾಲುಜ್ಜಿ ನೋಡುತ್ತಿದ್ದಳು.

"ಅದು ಗಾಡಿ ನಿಲ್ಲಿಸೋ ಜಾಗಕ್ಕೆ ಹಾಕೋದಮ್ಮ."

"ಗಾಡಿ ಜಾರಬಾರ್ದು ಅಂತ ಇಷ್ಟು ಯೋಚ್ನೆ ಮಾಡೀರಿ. ನಮ್ಮತ್ಗೆ ಗಾಡಿಗಿಂತ ಕಡಿಮೆನಾ?"

ಅಂಗಡಿಯಾತ ಬಿಲ್ಲು ಬರೆಯಲು ಒಳಗೆ ಹೋದ. ನೀವು ನಕ್ಕ ಟೈಲ್ಸು ಅದೇ.

ಕೆಲಸ ನಡೆಯುವಷ್ಟು ದಿನವೂ ಮೇಸ್ತ್ರಿಗೆ ನೆಮ್ಮದಿಯಿರಲಿಲ್ಲ. ಅವನು ನಲ್ಲಿಯನ್ನು ತಗ್ಗಿನಲ್ಲಿ ಕೂರಿಸಿದ್ದ, ಬಕೆಟ್ಟು ಅದರ ಕೆಳಗೆ ಹೋಗುತ್ತಿರಲಿಲ್ಲ. "ಓರೆ ಮಾಡಿ ಇಟ್ಕಳ್ರಿ" ಎಂದ. "ನೀವೂ ಓರೆಯಾಗಿ ನಿಂತ್ಕಂಡು ಊಟ ಮಾಡಿ ಬರ್ರಿ, ಆಮೇಲೆ ಮಾತಾಡಾಣ" ಎಂದು ಕಳಿಸಿದಳು. ನೆಲ ಹಾಕಿದ ಮೇಲೆ ನೀರು ಹುಯ್ದು ನೋಡಿದರೆ, ಅದು ಕಿಂಡಿಯ ಕಡೆ ಹೋಗದೆ ಬಾಗಿಲ ಕಡೆ ಹೊರಟಿತು. ವೈಪರಿನಲ್ಲಿ ತಳ್ಳಿದರಾಯಿತು ಎಂದ ಮೇಸ್ತ್ರಿ. "ನಿಮ್ಮ ನೀರಿಗೆ ದಾರಿ ಗೊತ್ತಿಲ್ಲ ಅಂತ ನಾನು ದಿನಾ ಕೋಲು ಹಿಡ್ಕಂಡು ಮೇಯಿಸ್ಲಾ?" ನೆಲ ಕಿತ್ತು ಮತ್ತೆ ಹಾಕಿದರು. ನೀರು ಈಗ ಕಿಂಡಿಗೇ ಹೋಗುತ್ತದೆ. ಹೆದರಿಕೊಂಡೇ ಹೋಗುತ್ತದೆ ಎಂದು ನನ್ನ ಅನುಮಾನ.

ಇಷ್ಟೆಲ್ಲಕ್ಕೂ ನಾನು ಬಾಯಿ ಬಿಟ್ಟವಳಲ್ಲ. ಬಿಟ್ಟದ್ದು ಚಿಲಕದ ವಿಷಯಕ್ಕೆ. ಬಡಗಿ ಬಾಗಿಲಿಗೆ ಚಿಲಕ ಜಡಿಯುವಾಗ ಇವಳು ಪಕ್ಕದಲ್ಲಿ ನಿಂತು ಒಂದು ಸೀಳು ಬಿಡಿಸಿದಳು. ಹೊರಗಿನಿಂದ ಚಮಚದ ಹಿಡಿ ತೂರಿಸಿ ಎತ್ತಿದರೆ ಒಳಗಿನ ಚಿಲಕ ಕಳಚಿಕೊಳ್ಳಬೇಕು! ನನಗೆ ಎಲ್ಲಿತ್ತೋ ಸಿಟ್ಟು.

"ಹೊರಗಿಂದ ತೆಗೆಯೋದಾದ್ರೆ ಚಿಲಕ ಯಾತಕ್ಕೆ? ನಾನೇನು ರೊಪ್ಪದ ಕುರಿಯೇನೆ?"

"ಬಿದ್ರೆ ಯಾರು ತೆಗೀತಾರೆ ಅತ್ಗೆ?"

"ಬಿದ್ರೆ ಬಿದ್ದಿರ್ತೀನಿ!"

ಬಡಗಿ ಉಳಿ ಕೆಳಗಿಟ್ಟ. ನನ್ನ ದನಿ ಅಷ್ಟು ದೊಡ್ಡದಾಗಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಸಣ್ಣಜ್ಜಿ ನನ್ನನ್ನೇ ನೋಡಿದಳು. ಆಮೇಲೆ ಆ ಚಮಚವನ್ನು ತನ್ನ ಎಲೆಯಡಿಕೆ ಸಂಚಿಯೊಳಗೆ ಹಾಕಿಕೊಂಡು, "ಇದು ನನ್ ಹತ್ರ ಇರ್ಲಿ. ನೀನು ಕರೆಯೋಗಂಟ ತೆಗೆಯಾಕಿಲ್ಲ. ನಮ್ಮಣ್ಣನಾಣೆ" ಎಂದಳು. ನಿಮ್ಮಜ್ಜನ ಮೇಲೆ ಆಣೆ ಇಟ್ಟ ಮೇಲೆ ನಾನೇನು ಹೇಳಲಿ?

ಮೊದಲ ಸ್ನಾನದ ದಿನ ಬಂತು. ನಿಮ್ಮಪ್ಪ ಅಮ್ಮ ಇಬ್ಬರೂ ಹೊಸದುರ್ಗಕ್ಕೆ ಒಂದು ಮದುವೆಗೆ ಹೋಗಿದ್ದರು. ನಾನು ಒಳಗೆ ಹೋಗಿ ಬಾಗಿಲು ಹಾಕಿದೆ. ಚಿಲಕ ಹಾಕಿದೆ. ಆ ಚಿಲಕದ ಸದ್ದಿದೆಯಲ್ಲ, ಮಕ್ಕಳೇ! ಕಂಬಿ ಕೈಗೆ ಸಿಗುವಲ್ಲಿತ್ತು, ನೆಲ ಕಾಲನ್ನು ಹಿಡಿದುಕೊಂಡಿತು, ನೀರು ಹದವಾಗಿತ್ತು. ಬೆನ್ನನ್ನು ತೃಪ್ತಿಯಾಗುವವರೆಗೆ ಉಜ್ಜಿಕೊಂಡೆ. ರಾಗಿ ಬಿತ್ತುವ ಹೊಲವನ್ನೂ ಬಿಡಲಿಲ್ಲ. ಎಲ್ಲ ಮುಗಿಸಿ, ಒಗೆದ ಸೀರೆಗೆ ಕೈ ಚಾಚುತ್ತೇನೆ, ಎಲ್ಲಿದೆ ಸೀರೆ?

ಇಡೀ ಬಚ್ಚಲಲ್ಲಿ ಸೀರೆ ಹಾಕಲು ಒಂದು ಮೊಳೆಯಿಲ್ಲ, ಒಂದು ಗೂಟವಿಲ್ಲ! ಹೇಗಿರುತ್ತದೆ? ನಾವು ಬೀದಿಯಲ್ಲಿ ಸೀರೆ ಉಟ್ಟುಕೊಂಡೇ ಸ್ನಾನ ಮಾಡಿದವರಲ್ಲವೇ! ಬಿಚ್ಚಿದ ಸೀರೆ ಎಲ್ಲಿ, ಉಡುವ ಸೀರೆ ಎಲ್ಲಿ ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕಮೋಡಿನ ತೊಟ್ಟಿಯ ಮೇಲೆ ಇಟ್ಟಿದ್ದ ನನ್ನ ಮಡಿಚಿದ ಸೀರೆ ಜಾರಿ, ಬಿಚ್ಚಿದ ಸೀರೆ ನೆನೆಹಾಕಿದ್ದ ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿ ಕುಳಿತಿತ್ತು.

ಕರೆಯಬೇಕು. ಯಾರನ್ನು, ಏನೆಂದು? ನೀರಿನ ಸದ್ದು ನಿಂತುಹೋಗಿತ್ತು.

"ಅತ್ಗೆ?"

ಬಾಗಿಲ ಬುಡದಿಂದಲೇ ಬಂತು ದನಿ. ಅವಳು ಅಲ್ಲೇ ಕುಳಿತಿದ್ದಳು! ಇಷ್ಟು ಹೊತ್ತೂ, ಉಸಿರು ಬಿಡದೆ. ನನ್ನ ಮಾತು ಗಂಟಲಲ್ಲೇ ಕುಳಿತುಬಿಟ್ಟಿತು.

"ಅತ್ಗೆ, ಆಯ್ತಾ? ... ಅತ್ಗೆ!"

ಸೀಳಿನಲ್ಲಿ ಚಮಚ ಟಿಕ್ಕೆಂದಿತು. ಚಿಲಕ ಅಲುಗಿತು. ನಾನು ಬರಿಗೈಯಲ್ಲಿ ಮೈ ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತೆ. ಚಿಲಕ ಅಲ್ಲಿಗೇ ನಿಂತಿತು. ಚಮಚ ಹಿಂದೆ ಹೋಯಿತು.

"ತೆಗೆಯಾಕಿಲ್ಲ ನಾನು. ನೀನು ಕರೆದಿಲ್ಲ" ಎಂದಳು. ಆ ದನಿ ಅವಳದೆಂದು ನನಗೆ ಗುರುತೇ ಸಿಗಲಿಲ್ಲ. "ಒಂದು ಸದ್ದು ಮಾಡೇ ನಮ್ಮವ್ವ. ಒಂದೇ ಒಂದು ಸದ್ದು, ಸಾಕು."

ನಾನು ಚೊಂಬನ್ನು ಎತ್ತಿ ನೆಲಕ್ಕೆ ಕುಕ್ಕಿದೆ. ಹೊರಗೆ ಅವಳು ಬಿಟ್ಟ ಉಸಿರು ನನಗೆ ಕೇಳಿಸಿತು. ಆಮೇಲೆ ನನಗೂ ಬಾಯಿ ಬಂತು. "ಸೀರೆ ನೀರಾಗೆ ಬಿತ್ತು ಕಣೇ."

ನಗುತ್ತಾಳೆ, ಊರಿಗೆಲ್ಲ ಹೇಳಿಕೊಂಡು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಹೋಗಿ ಬಂದ ಹೆಜ್ಜೆ ಸದ್ದಾಯಿತು. ನಾನು ಚಿಲಕ ತೆಗೆದು ಬಾಗಿಲನ್ನು ಒಂದಿಷ್ಟೇ ಸಂದು ಮಾಡಿದೆ. ಸೀರೆ ಹಿಡಿದ ಕೈಯೊಂದು ಒಳಗೆ ಬಂತು. ಮುಖ ಅತ್ತ ತಿರುಗಿಸಿಕೊಂಡಿರಬೇಕು, ಕೈ ನನ್ನನ್ನು ಬಿಟ್ಟು ಗೋಡೆಯನ್ನು ತಡಕುತ್ತಿತ್ತು. ಅಂಗಡಿಯವರನ್ನೂ ಮೇಸ್ತ್ರಿಯನ್ನೂ ಆಟ ಆಡಿಸಿದ ಆ ಕೈ ಸೀರೆಯ ಜೊತೆಗೆ ಚಮಚವನ್ನೂ ಬಿಗಿಯಾಗಿ ಹಿಡಿದುಕೊಂಡೇ ಇತ್ತು. ನಾನು ಸೀರೆ ಬಿಟ್ಟು ಕೈಯನ್ನೇ ಹಿಡಿದುಕೊಂಡೆ.

"ಸೀರೆ ಇಸ್ಕಳೇ, ಥಂಡಿ ಆಗ್ತೈತೆ" ಎಂದು ಗದರಿದಳು. ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ.

ಈಗ ಬಚ್ಚಲ ತುಂಬ ಗೂಟಗಳಿವೆ. ಅವು ಮೊದಲಿನಿಂದಲೂ ತನ್ನ ಲೆಕ್ಕದಲ್ಲಿದ್ದವು, ಬಡಗಿಯೇ ಮರೆತದ್ದು ಎಂದು ಅವಳು ವಾದಿಸುತ್ತಾಳೆ. ವಾದಿಸಲಿ. ನಾನು ಸ್ನಾನಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಅವಳಿಗೆ ನಮ್ಮ ಮನೆಯಲ್ಲಿ ಏನೋ ಕೆಲಸ ಬರುತ್ತದೆ. ಒಂದು ದಿನ ಅವರೆಕಾಯಿ ಸುಲಿಯುವುದು, ಒಂದು ದಿನ ಸೊಪ್ಪು ಬಿಡಿಸುವುದು. ಮೊರ ತಂದುಕೊಂಡು ಬಚ್ಚಲ ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾಳೆ. ಅದೇಕೆಂದು ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾಳೆ. ನಾನು ಒಳಗೆ ಚೊಂಬನ್ನು ಪ್ರತಿ ಸಲವೂ ಬೇಕೆಂದೇ ಸದ್ದು ಮಾಡಿ ಇಡುತ್ತೇನೆ. ಅದು ಅವಳಿಗೆ ಗೊತ್ತಿಲ್ಲ.

ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಎತ್ತಿಡಿ, ನಾವಿಬ್ಬರೂ ಇರುವವರೆಗೆ ಅವಳಿಗೆ ಓದಿ ಹೇಳಬೇಡಿ. ಗೊತ್ತಾದರೆ ನಾಚಿಕೊಂಡು ಬರುವುದನ್ನೇ ಬಿಟ್ಟಾಳು.