ಗಾಜಿನ ಎಳೆಯೂ ಔರಾದಿನಾಕಿಯೂ

ನಮ್ಮ ಲ್ಯಾಬಿನ ಯಂತ್ರಗಳು ಸುಮ್ಮನೆ ಕೆಡುವುದಿಲ್ಲ. ನಾಲ್ಕು ಜನ ನೋಡುತ್ತಿರುವಾಗ ಕೆಡುತ್ತವೆ, ಅದೂ ನಾನು ಮುಂದೆ ನಿಂತಾಗ. ಔರಾದಿನಾಕಿ ನಿಂತಾಗ ಕೆಟ್ಟರೆ ಮಾತ್ರ, ಏನೋ ಹೊಸದನ್ನು ಕಂಡುಹಿಡಿದಂತೆ ಎಲ್ಲರೂ ಅವಳ ಸುತ್ತ ಸೇರುತ್ತಾರೆ.

ಬೀದರಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿನಲ್ಲಿ ನಾವಿಬ್ಬರು ಹುಡುಗಿಯರು. ದಿನಾ ಔರಾದಿನ ಬಸ್ಸಿಗೆ ಬಂದು ತಡವಾಗಿ ಇಳಿದರೂ ಯಾರಿಂದಲೂ ಬೈಸಿಕೊಳ್ಳದ ಅವಳು, ಮತ್ತು ನಾನು. ನಮ್ಮ ಮೇಲೆ ಸರ್. ಕೆಲಸ ಗಾಜಿನ ಎಳೆಯದು. ಇಂಟರ್ನೆಟ್ ಕೇಬಲ್ಲಿನ ಹೊಟ್ಟೆಯಲ್ಲಿ ಇರುತ್ತದಲ್ಲ, ಕೂದಲಿನಷ್ಟು ಸಣ್ಣ ಫೈಬರ್, ಅದೇ. ಅದರ ಒಂದು ಚೂರು ಜಾಗದಲ್ಲಿ ಕಣ್ಣಿಗೆ ಕಾಣದ ಗೆರೆಗಳನ್ನು ಒತ್ತೊತ್ತಾಗಿ ಮೂಡಿಸಿರುತ್ತಾರೆ. ಅದಕ್ಕೆ ಗ್ರೇಟಿಂಗ್ ಅನ್ನುತ್ತಾರೆ. ಒಳಗೆ ಬೆಳಕು ಹಾಯಿಸಿದಾಗ ಉಳಿದ ಬಣ್ಣಗಳೆಲ್ಲ ಮುಂದೆ ಹೋಗುತ್ತವೆ, ಒಂದು ಬಣ್ಣ ಮಾತ್ರ ಆ ಗೆರೆಗಳಿಂದ ತಿರುಗಿ ಬರುತ್ತದೆ. ಎಳೆಯನ್ನು ಯಾರಾದರೂ ಜಗ್ಗಿದರೆ, ಇಲ್ಲವೆ ಅದಕ್ಕೆ ಬಿಸಿ ತಾಗಿದರೆ, ತಿರುಗಿ ಬರುವ ಬಣ್ಣ ಒಂದಿಷ್ಟು ಸರಿಯುತ್ತದೆ. ಎಷ್ಟು ಸರಿಯಿತೆಂದು ಯಂತ್ರ ಓದಿ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕನ್ನಡದಲ್ಲಿ, ನಾಲ್ಕು ಜನರ ಮುಂದೆ, ಅಂದರೆ ಬಾಯಿ ಒಣಗುತ್ತದೆ.

ದಸರೆಯ ನಂತರ ಹೊರಗಿನಿಂದ ತಜ್ಞರು ಲ್ಯಾಬ್ ನೋಡಲು ಬರುವವರಿದ್ದರು. ಯಂತ್ರದ ಪಕ್ಕ ನಿಂತು ಅವರಿಗೆ ವಿವರಿಸುವವಳು ಒಬ್ಬಳೇ. ಪ್ರಾಜೆಕ್ಟಿನ ಮುಂದಿನ ಹಂತದಲ್ಲಿ ಇರುವ ಜಾಗವೂ ಒಂದೇ, ಅದು ಚೆನ್ನಾಗಿ ವಿವರಿಸಿದವಳಿಗೆ, ಎಂದು ಸರ್ ಹೇಳಿಬಿಟ್ಟರು. ಅಂದಿನಿಂದ ನಾನು ಎಳೆಗಿಂತ ಅವಳನ್ನೇ ಹೆಚ್ಚು ನೋಡತೊಡಗಿದೆ.

೧. ಜೋಡಾಗದ ಎಳೆ

ತುಂಡಾದ ಎಳೆಗಳನ್ನು ಬೆಸೆಯಲು ನಮ್ಮಲ್ಲಿ ಒಂದು ಪುಟ್ಟ ಯಂತ್ರವಿದೆ. ಎರಡು ತುದಿಗಳನ್ನು ಎದುರುಬದುರು ಇಟ್ಟರೆ ಕಿಡಿ ಹಾರಿಸಿ ಜೋಡಿಸುತ್ತದೆ. ಒಂದು ದಿನ ಸರ್ ಚಷ್ಮಾ ಹಣೆಯ ಮೇಲೇರಿಸಿಕೊಂಡು ತಾವೇ ಕುಳಿತರು. ಟೇಬಲ್ಲಿನ ಮೇಲಿಂದ ಒಂದು ಎಳೆ ಎತ್ತಿಕೊಂಡರು, ಸ್ಪಿರಿಟ್ ಹಚ್ಚಿ ಒರೆಸಿದರು, ಯಂತ್ರದಲ್ಲಿಟ್ಟರು. ಜೋಡಾಗಲಿಲ್ಲ. ಮತ್ತೆ ಒರೆಸಿದರು, ಮತ್ತೆ ಇಟ್ಟರು.

"ಏನ್ ಮಾಲ್ ಕಳಿಸ್ಯಾರ ನೋಡ್ರಿ ಈ ಕಂಪನಿಯವ್ರು! ಕಿಡಿ ಹೊಡದ್ರ ಮುದುಡ್ತದ!"

ಸುಟ್ಟ ವಾಸನೆ ಬಂದಾಗಲೇ ನನಗೆ ಗೊತ್ತಾಗಿತ್ತು, ಅದು ಫೈಬರ್ ಅಲ್ಲ, ಕೂದಲು. ಆದರೆ ಸರ್‌ಗೆ ಅದನ್ನು ಹೇಗೆ ಹೇಳುವುದು? ಮನಸ್ಸಿನಲ್ಲೇ ಮರ್ಯಾದೆಯ ಒಂದು ವಾಕ್ಯ ಕಟ್ಟುತ್ತಾ ಕುಳಿತೆ. ವಾಕ್ಯ ಮುಗಿಯುವ ಮೊದಲೇ ಔರಾದ್ ಬಸ್ಸು ಬಂತು. ಅವಳು ಚೀಲ ಇಳಿಸುವುದಕ್ಕೂ ಮುಂಚೆ ಬಗ್ಗಿ ನೋಡಿ, "ಸರ್, ಕೂದಲ ಸುಡ್ಲಾಕತ್ತೀರಿ. ನಂದಽ ಇರಬೇಕ್ರಿ" ಎಂದು ನಕ್ಕಳು.

ಸರ್ ಚಷ್ಮಾ ಇಳಿಸಿ ನೋಡಿದರು. ನನ್ನ ಕಡೆ ತಿರುಗಿ, "ನೋಡವ್ವಾ, ಇದಕ್ಕ ಅಂತಾರ ಅಬ್ಸರ್ವೇಶನ್. ಕಲಿ ಆಕಿ ಕಡಿಂದ" ಎಂದರು.

ಅವಳು ಇನ್ನೂ ಬಸ್ಸಿನಲ್ಲಿದ್ದಾಗಲೇ ಆ ಕೂದಲು ಟೇಬಲ್ಲಿನ ಮೇಲಿತ್ತು. ಅದು ನನ್ನದು. ಅದರಿಂದ ಬಂದ ಹೆಸರನ್ನೂ ಅವಳೇ ಹೊಡೆದುಕೊಂಡಳು.

೨. ತೊಗರಿಗೆ ಬಂದ ಜ್ವರ

ಗಾಂಧಿ ಗಂಜ್ ಮಾರುಕಟ್ಟೆಯ ಒಂದು ಅಡತಿ ಅಂಗಡಿಯ ಗೋದಾಮಿನಲ್ಲಿ, ಒಂದರ ಮೇಲೊಂದು ಒಟ್ಟಿದ ತೊಗರಿ ಚೀಲಗಳ ಥಪ್ಪಿಯ ಸಂದಿನಲ್ಲಿ ನಮ್ಮ ಎಳೆ ತೂರಿಸಿಟ್ಟಿದ್ದೆವು. ಕಾಳಿಗೆ ಹುಳ ಬಿದ್ದರೆ ಒಳಗೆ ಬಿಸಿಯಾಗುತ್ತದೆ, ಕಣ್ಣಿಗೆ ಕಾಣುವ ಮೊದಲೇ ಎಳೆ ಹೇಳಿಬಿಡುತ್ತದೆ, ಅನ್ನುವುದು ನಮ್ಮ ಲೆಕ್ಕ.

ಹೇಳಿಯೇ ಬಿಟ್ಟಿತು. ದಿನಾ ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ, ಥಪ್ಪಿಯ ಮೇಲ್ತುದಿಯಲ್ಲಿ, ಒಂದೇ ಜಾಗದಲ್ಲಿ ಗೆರೆ ಏಳುತ್ತಿತ್ತು. ಸಂಜೆ ಇಳಿಯುತ್ತಿತ್ತು. ನನಗೆ ಹಬ್ಬವೋ ಹಬ್ಬ. ಕುಳಿತು ಚೆಂದದ ಇಂಗ್ಲಿಷಿನಲ್ಲಿ ವರದಿ ಬರೆದೆ: ಇದು ಜೀವಿಗಳಿಂದಾದ ಬಿಸಿ, ಹುಳ ಬಿದ್ದಿರುವುದು ಖಚಿತ. ಔರಾದಿನಾಕಿ ಅದನ್ನು ಓದಿ, ಮಾತಾಡದೆ ಪ್ರತಿ ಪುಟದ ಫೋಟೋ ಹೊಡೆದುಕೊಂಡಳು. ಕದಿಯುತ್ತಿದ್ದಾಳೆ ಅಂದುಕೊಂಡೆ. ರಾತ್ರಿ ಊಟ ಸೇರಲಿಲ್ಲ.

ಮರುದಿನ ಗೆರೆ ಏಳುವ ಹೊತ್ತಿಗೇ ಸರ್ ನಮ್ಮಿಬ್ಬರನ್ನೂ ಕರೆದುಕೊಂಡು ಗಂಜಿಗೆ ಹೋದರು. ಗಾದಿಯ ಮೇಲೆ ಅಂಗಡಿಯ ಸಾವ್ಕಾರರು ಇರಲಿಲ್ಲ. ಹಮಾಲರನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಕೆಳಗೆ ನಿಂತು ಹುಳಗಳ ಬಗ್ಗೆ ಸರ್‌ಗೆ ತಿಳಿಸಿ ಹೇಳುತ್ತಿದ್ದೆ. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಸೀದಾ ನಿಚ್ಚಣಿಕೆ ಹತ್ತಿದಳು. ಮೇಲಿಂದ ದನಿ ಬಂತು.

"ಸರ್, ಹುಳ ಸಿಕ್ತು ನೋಡ್ರಿ! ಭಾರಿ ದೊಡ್ಡದದ. ಗೊರಕಿ ಹೊಡಿಲಾಕತ್ತದ!"

ಥಪ್ಪಿಯ ಮೇಲಿಂದ ಸಾವ್ಕಾರರ ತಲೆ ಎದ್ದಿತು. ಚೀಲದ ಮೇಲೆ ಯಾರೂ ಹತ್ತಬಾರದು ಎಂದು ಹಮಾಲರಿಗೆ ದಿನಾ ತಾಕೀತು ಮಾಡುತ್ತಿದ್ದವರು ಅವರೇ. ನಾಚಿಕೆಪಟ್ಟರೇ? ಇಲ್ಲ. ಕಣ್ಣುಜ್ಜಿಕೊಂಡು ಕೇಳಿದರು:

"ತೊಗರಿಗೇನೂ ಆಗಿಲ್ಲಲ್ಲ?"

"ಇಲ್ರಿ ಸಾವ್ಕಾರ್ರ."

"ಮತ್ತ ಯಾಕ ಎಬ್ಬಿಸಿದ್ರಿ?"

೩. ಸೇತುವೆಯ ಮೇಲಿನ ಕೌದಿ

ಭಾಲ್ಕಿಯಿಂದ ಖಟಕ ಚಿಂಚೋಳಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸೇತುವೆ. ಲಾರಿ ಹೋದಾಗ ಅದು ಎಷ್ಟು ಬಾಗುತ್ತದೆ ನೋಡೋಣವೆಂದು ಅದರ ಉದ್ದಕ್ಕೂ ಹಳದಿ ಕವಚದ ಎಳೆ ಬಿಗಿದು ಬಂದೆವು. ಮರುದಿನದಿಂದ ಬಂದ ಗ್ರಾಫ್ ವಿಚಿತ್ರ. ಬೆಳಿಗ್ಗೆ ಒಮ್ಮೆಲೇ ಜಗ್ಗಿದ ಹಾಗೆ ಮೇಲೇರಿ, ಮಧ್ಯಾಹ್ನದವರೆಗೆ ನಿಧಾನಕ್ಕೆ ಇಳಿದು, ಸಂಜೆ ಪಟ್ಟನೆ ಶೂನ್ಯಕ್ಕೆ ಬರುತ್ತಿತ್ತು. ಬಿಸಿಲಿಗೆ ಕಾಂಕ್ರೀಟು ಹಿಗ್ಗುವ ಬಗ್ಗೆ ನನ್ನದೊಂದು ಸಿದ್ಧಾಂತ ತಯಾರಾಯಿತು. ಸರ್‌ಗೂ ಹಿಡಿಸಿತು. ಈ ಸಲ ಯಂತ್ರದ ಪಕ್ಕ ನಿಲ್ಲುವವಳು ನಾನೇ ಎಂದು ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ.

ಹೋಗಿ ನೋಡಿದರೆ ನಮ್ಮ ಎಳೆಯ ಮೇಲೆ ಸಾಲಾಗಿ ತೊಳೆದ ಕೌದಿಗಳು. ಹಸಿಯಾಗಿದ್ದಾಗ ಭಾರ, ಒಣಗುತ್ತಾ ಹಗುರ, ಸಂಜೆ ಮಡಚಿಕೊಂಡು ಮನೆಗೆ. ನನ್ನ ಸಿದ್ಧಾಂತದಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾವಲಿಗೆ ಒಬ್ಬ ಮುದುಕಿ ಕುಳಿತಿದ್ದಳು. ನಾನು ಪಠ್ಯಪುಸ್ತಕದಿಂದ ಎತ್ತಿದ ಹಾಗೆ, "ಅಜ್ಜಿ, ದಯವಿಟ್ಟು ತಾವು ಈ ಹೊದಿಕೆಗಳನ್ನು ತೆಗೆಯುವಿರಾ?" ಎಂದೆ. ಅವಳು ಕೈಮುಗಿದು ಮರಾಠಿಯಲ್ಲಿ ಏನೋ ಹೇಳಿದಳು.

ಔರಾದಿನಾಕಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, "ಆಯಿ, ಯಾರ ಹೊಲದಾಕಿ ನೀ? ಇದು ಕೌದಿ ಹಾಕೋ ಹಗ್ಗ ಅಲ್ಲ, ತಗಿ" ಎಂದಳು.

"ಹೌದೇನು? ಸರ್ಕಾರದವ್ರು ನಮ್ಮ ಸಲ್ವಾಗಿ ಕಟ್ಯಾರ ಅಂತ ಮಾಡಿದ್ದೆ. ಚೊಲೋ ಬಿಗಿದಾರವ್ವಾ, ಒಂದೀಟೂ ಜೋತಾಡಲ್ಲ."

ಮಡಚುತ್ತಾ ಮಡಚುತ್ತಾ ಮುದುಕಿ ನನ್ನ ಕಡೆ ಕಣ್ಣು ಹೊರಳಿಸಿ, ನನಗೆ ಕೇಳುವಷ್ಟೇ ಜೋರಾಗಿ ಪಿಸುಗುಟ್ಟಿದಳು. "ನಿನ್ನ ಜೋಡಿ ಬಂದಾಕಿಗಿ ಮಾತು ಬರಲ್ಲೇನು?"

"ಬರ್ತಾವ ಆಯಿ. ಇಂಗ್ಲಿಷ್ನಾಗ ಬರ್ತಾವ."

"ಅಯ್ಯ, ಪಾಪ!"

೪. ಬೆಲ್ಟು

ಕಡೆಗೂ ತಜ್ಞರು ಬರುವ ದಿನ ಬಂತು. ವಿವರಿಸುವವಳು ಔರಾದಿನಾಕಿ ಎಂದು ಸರ್ ಹಿಂದಿನ ದಿನವೇ ತೀರ್ಮಾನಿಸಿದ್ದರು. "ನಿನಗೂ ಕೆಲಸ ಅದ" ಎಂದು ನನ್ನನ್ನು ಸಮಾಧಾನಪಡಿಸಿದರು. "ಎದಿಗಿ ಬೆಲ್ಟ್ ಕಟ್ಕೊಂಡು ಕುರ್ಚಿ ಮ್ಯಾಲ ಕೂಡು. ಸುಮ್ನ ಕೂಡೋದು ನಿನ್ನಷ್ಟು ಚೆಂದ ಯಾರಿಗೂ ಬರಲ್ಲ."

ಆ ಬೆಲ್ಟಿನೊಳಗೆ ನಮ್ಮ ಎಳೆ ಇದೆ. ಉಸಿರು ಎಳೆದುಕೊಂಡರೆ ಎದೆ ಹಿಗ್ಗಿ ಎಳೆ ಜಗ್ಗುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಬಿಟ್ಟರೆ ಇಳಿಯುತ್ತದೆ. ಬೆಲ್ಟು ಹೊಲಿದವಳು ನಾನು. ಎಳೆ ಕೂರಿಸಿದವಳೂ ನಾನು.

ಬಂದವರಲ್ಲಿ ಹಿರಿಯರು ಮೈಸೂರು ಕಡೆಯ ಒಬ್ಬ ಮೇಡಂ. ಔರಾದಿನಾಕಿ ಶುರುಮಾಡಿದಳು. ಗಂಜಿನ ಸಾವ್ಕಾರರ ಗೊರಕೆಯಿಂದ ಹಿಡಿದು ಕೌದಿಯ ತನಕ ಹೇಳಿ ಎಲ್ಲರನ್ನೂ ನಗಿಸಿದಳು. ನನ್ನ ಗೆರೆ ಏಳುತ್ತಾ ಇಳಿಯುತ್ತಾ ಸಣ್ಣ ಅಲೆಗಳಂತೆ ಹೋಗುತ್ತಿತ್ತು. ಸರ್, "ಭಾಳ ಹುಷಾರ್ ಹುಡುಗಿ ರೀ ಮೇಡಂ" ಎಂದರು. ಗೆರೆ ಛಂಗನೆ ಜಿಗಿಯಿತು.

"ಇದೇನು?" ಮೇಡಂ ಕೇಳಿದರು.

"ಕೆಮ್ಮು ಬಂದಿರಬೇಕ್ರಿ" ಎಂದರು ಸರ್. ಆಮೇಲೆ ಅವಳತ್ತ ಕೈ ತೋರಿಸಿ, "ಬೆಲ್ಟಿನ ಐಡಿಯಾನೂ ಈಕೀದೇ" ಎಂದರು. ಗೆರೆ ಇನ್ನೂ ಎತ್ತರಕ್ಕೆ ಹಾರಿತು.

ಮೇಡಂ ಕನ್ನಡಕ ಸರಿಮಾಡಿಕೊಂಡು ಒಮ್ಮೆ ಪರದೆ, ಒಮ್ಮೆ ನನ್ನನ್ನು ನೋಡಿದರು. ಔರಾದಿನಾಕಿಯನ್ನು ಕೇಳಿದರು: "ಮೈಯ ಬಿಸಿ ತಾಗಿದರೂ ಬಣ್ಣ ಸರಿಯುತ್ತಲ್ಲಮ್ಮ. ಇದು ಉಸಿರೋ, ಬಿಸಿಯೋ, ಹೇಗೆ ಗೊತ್ತು ಮಾಡ್ತೀರಿ?"

ಅವಳು ನನ್ನತ್ತ ನೋಡಿದಳು. ಅವಳಿಗೆ ಮಾತು ಸಿಗದೇ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ಸಂತೋಷಕ್ಕೋ ಏನೋ, ಕುಳಿತಲ್ಲಿಂದಲೇ ನನ್ನ ಬಾಯಿಂದ ಪಠ್ಯಪುಸ್ತಕದ್ದಲ್ಲದ ಕನ್ನಡ ಹೊರಟಿತು.

"ಬಾಜೂಕ ಇನ್ನೊಂದು ಎಳಿ ಸಡ್ಲ ಬಿಟ್ಟೇನ್ರಿ ಮೇಡಂ. ಅದಕ್ಕ ಬಿಸಿ ತಾಗ್ತದ, ಜಗ್ಗಾಟ ತಾಗಲ್ಲ. ಇದರಾಗ ಅದನ್ನ ಕಳದ್ರ ಉಳಿಯೋದು ಬರೇ ಉಸಿರು. ಮತ್ತ ಮೈ ಬಿಸಿ ಸಾವಕಾಶ ಏರ್ತದ್ರಿ, ಹಿಂಗ ಜಿಗಿಯಲ್ಲ."

"ಹಾಗಾದ್ರೆ ಈ ಜಿಗಿತ ಉಸಿರಿನದೇ?"

"ಹೌದ್ರಿ."

"ಇವಳನ್ನ ಹೊಗಳಿದಾಗ ಮಾತ್ರ ಬರೋದು?"

ನಾನು ಸುಮ್ಮನೆ ಕುಳಿತೆ. ಗೆರೆ ಸುಮ್ಮನೆ ಕೂಡಲಿಲ್ಲ.

ಎಲ್ಲರೂ ನಗುತ್ತಿರುವಾಗ ಮೇಡಂ, "ಇನ್ನು ಬೆಲ್ಟ್ ಅವಳು ಕಟ್ಟಿಕೊಳ್ಳಲಿ, ನೀನು ಎದ್ದು ಹೇಳು" ಎಂದರು. ಎದ್ದೆ. ಕುರ್ಚಿಯ ಮೇಲೆ ಬೆಲ್ಟ್ ಕಟ್ಟಿಸಿಕೊಂಡು ಕುಳಿತ ಅವಳನ್ನು ನೋಡಿ ಧೈರ್ಯ ಬಂತು. ಗ್ರೇಟಿಂಗಿನಿಂದ ಹಿಡಿದು ಕೊನೆಯವರೆಗೆ ಹೇಳಿದೆ. ಮೇಡಂ ತಲೆದೂಗಿ, "ಇಷ್ಟು ಸ್ಪಷ್ಟವಾಗಿ ನಾನು ಕೇಳಿಯೇ ಇರಲಿಲ್ಲ" ಎಂದರು.

ಪರದೆಯ ಮೇಲೆ ಗೆರೆ ಛಂಗನೆ ಜಿಗಿಯಿತು.

ಎಲ್ಲರೂ ಕುರ್ಚಿಯತ್ತ ತಿರುಗಿದರು. ಅವಳೇ ಬೆಲ್ಟ್ ಬಿಚ್ಚುತ್ತಾ ಗೊಣಗಿದಳು. "ಮತ್ತೇನ್ ಮಾಡ್ಲಿ? ಈಕಿ ಬರದದ್ದು ದಿನಾ ಫೋಟೋ ಹೊಡ್ಕೊಂಡು ಹೋಗಿ ಮನ್ಯಾಗ ಕನ್ನಡಿ ಮುಂದ ನಿಂತು ಓದ್ತೇನ್ರಿ. ಈಕಿ ಹಂಗ ಇಂಗ್ಲಿಷ್ ಬರವಲ್ದು ಅಂದ್ರ ಬರವಲ್ದು."

ಮೇಡಂ ಹೋಗುವಾಗ ಸರ್‌ಗೆ, ಮುಂದಿನ ಹಂತಕ್ಕೆ ಇಬ್ಬರನ್ನೂ ಇಟ್ಟುಕೊಳ್ಳಿ, ಒಬ್ಬಳನ್ನು ಬಿಟ್ಟರೆ ಇನ್ನೊಬ್ಬಳ ಗೆರೆ ಏಳುವುದೇ ಇಲ್ಲ ಎಂದರು. ಸರ್ ಒಪ್ಪಿದರು. ಔರಾದಿನಾಕಿ ತನ್ನ ಡಬ್ಬಿಯ ಶೇಂಗಾ ಹೋಳಿಗೆಯಲ್ಲಿ ನನಗೆ ಅರ್ಧ ಕೊಟ್ಟಳು. ಅಲ್ಲಿಗೆ ಎಲ್ಲಾ ಸುಖವಾಗಿ ಮುಗಿಯಬೇಕಿತ್ತು.

ಆದರೆ ಎಲ್ಲರೂ ಹೋದ ಮೇಲೆ ನಾನು ಎರಡೂ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಅವಳ ಗೆರೆ ನನ್ನದಕ್ಕಿಂತ ಒಂದು ಬೆರಳು ಮೇಲಿತ್ತು.

ಹೊಟ್ಟೆಕಿಚ್ಚಿನಲ್ಲೂ ಮೊದಲ ನಂಬರು ಅವಳದೇ!