ಬೀಳ್ಕೊಡುಗೆಯ ಬ್ಯಾಟರಿ

ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇದನ್ನು ಶಿಸ್ತು ಎಂದುಕೊಂಡೇ ಮುದುಕನಾದೆ. ಮನೆಯವರು ಇದನ್ನು ರೋಗ ಎನ್ನುತ್ತಾರೆ. ನೀರು ಚೆಲ್ಲಿದರೆ ನೆಲ ಒದ್ದೆಯಾಗುತ್ತದೆ, ಅಕ್ಕಿ ಚೆಲ್ಲಿದರೆ ಗುಬ್ಬಿ ಬರುತ್ತದೆ. ಕರೆಂಟು ಚೆಲ್ಲಿದರೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕಾಣದ ವಸ್ತುವನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು, ಅದೂ ನೀರಿನ ಮೇಲೆ.

ಪೀಣ್ಯದ ನಮ್ಮ ಕಾರ್ಖಾನೆಯ ಹಿಂದೆ ಆಗ ಒಂದು ಕೆರೆಯಿತ್ತು. ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಮನರಂಜನಾ ಸಂಘಕ್ಕೆ ದೋಣಿಯ ಹುಚ್ಚು ಹಿಡಿಯಿತು. ಶೀಟ್ ಮೆಟಲ್ ವಿಭಾಗದವರು ಸೇರಿ ಒಂದು ದೊಡ್ಡ ದೋಣಿ ಮಾಡಿದರು. ಅದಕ್ಕೊಂದು ಹಳೆಯ ಡೀಸೆಲ್ ಎಂಜಿನ್, ಅದನ್ನು ಸ್ಟಾರ್ಟ್ ಮಾಡಲು ಒಂದು ಲಾರಿ ಬ್ಯಾಟರಿ. ನಾನು ಎಲೆಕ್ಟ್ರಿಕಲ್ ಫೋರ್‌ಮನ್ ಆದ್ದರಿಂದ ಬ್ಯಾಟರಿ ನನ್ನ ಕೊರಳಿಗೆ ಬಿತ್ತು. ದಿನವೂ ಕಾಫಿಗೆ ಮೊದಲು ಅದರ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ನೋಡುತ್ತಿದ್ದೆ, ಟರ್ಮಿನಲ್ಲಿಗೆ ಗ್ರೀಸು ಹಚ್ಚುತ್ತಿದ್ದೆ, ಹೈಡ್ರೋಮೀಟರಿನಲ್ಲಿ ಆ್ಯಸಿಡ್ ಹೀರಿ ಚಾರ್ಜು ಅಳೆಯುತ್ತಿದ್ದೆ. “ನನ್ನ ನಾಡಿ ಯಾವತ್ತಾದ್ರೂ ಹಿಡಿದು ನೋಡಿದ್ರಾ?” ಎಂದು ನನ್ನ ಹೆಂಡತಿ ಕಮಲ ಕೇಳಿದ್ದುಂಟು.

ನಾನು ಸಂಘವನ್ನು ಕೇಳಿದ್ದು ಒಂದೇ: ಸ್ಟಾರ್ಟ್ ಮಾಡಲು ಒಂದು ಬ್ಯಾಟರಿ, ದೀಪಕ್ಕೂ ಹಾಡಿಗೂ ಇನ್ನೊಂದು. “ಒಂದು ದೋಣಿಗೆ ಎರಡು ಬ್ಯಾಟರಿ ಯಾಕ್ರೀ ರಾಯರೇ? ನಿಮಗೇನು ಎರಡು ಹೊಟ್ಟೆ ಇದ್ಯಾ?” ಎಂದರು ಮ್ಯಾನೇಜರು. ಸಭೆ ನಕ್ಕಿತು. ಮ್ಯಾನೇಜರ ಜೋಕಿಗೆ ಸಭೆ ನಕ್ಕ ಮೇಲೆ ವಿಷಯ ಮುಗಿದಂತೆಯೇ.

ನಾನು ನಿವೃತ್ತನಾದ ದಿನ ಬೀಳ್ಕೊಡುಗೆ ಅದೇ ದೋಣಿಯಲ್ಲಿ. ನನ್ನ ಭಾಷಣದ ಕೊನೆಗೆ ಕಮಲಳ ಬಗ್ಗೆ ನಾಲ್ಕು ಮಾತು ಇಟ್ಟುಕೊಂಡಿದ್ದೆ. ಇಷ್ಟು ವರ್ಷ ಮನೆಯಲ್ಲಿ ಬಾರದ ಮಾತು ಮೈಕಿನಲ್ಲಾದರೂ ಬರಲಿ ಎಂದು ಬಾಯಿಪಾಠ ಮಾಡಿದ್ದೆ. “ನಿನ್ನ ವಿಷಯಾನೂ ಇದೆ” ಎಂದು ಅವಳಿಗೆ ಹೇಳಿಯೂ ಬಿಟ್ಟಿದ್ದೆ. ಅವಳು ಮದುವೆಯ ಸೀರೆ ಉಟ್ಟು ಬಂದಳು.

ಸಂಜೆ ದೋಣಿ ಹತ್ತಿದರೆ ಸುತ್ತಲೂ ಬಣ್ಣದ ಬಲ್ಬಿನ ಸರ, ಟೇಪ್ ರೆಕಾರ್ಡರು, ಮೈಕು. ಕೂರಲು ಜಾಗ ಸಾಲದೆಂದು ಹುಟ್ಟುಗಳನ್ನು ದಡದಲ್ಲೇ ಬಿಟ್ಟಿದ್ದರು. ಕೆರೆಯ ನಡುವೆ ಬಂದಾಗ ಮ್ಯಾನೇಜರು ಎಂಜಿನ್ ನಿಲ್ಲಿಸಲು ಹೇಳಿದರು.

“ಬೇಡಿ ಸಾರ್, ಎಂಜಿನ್ ಓಡಿದ್ರೇನೇ ಬ್ಯಾಟರಿ ಚಾರ್ಜ್ ಆಗೋದು. ಇಲ್ಲಾಂದ್ರೆ ದೀಪಾನಾದ್ರೂ ಆರಿಸಿ,” ಎಂದೆ.

“ಆ ಗಲಾಟೇಲಿ ನಿಮ್ಮನ್ನ ಹೊಗಳೋದು ಹೇಗ್ರೀ?”

ಸಂಘದ ಕಾರ್ಯದರ್ಶಿ ಸೋಮಶೇಖರ ನನ್ನ ಹಾರ ಸರಿಮಾಡುತ್ತಾ, “ಇವತ್ತಾದ್ರೂ ಸುಮ್ನೆ ಕೂತ್ಕೊಳ್ಳಿ ಸಾರ್, ಮದುಮಗ ನೀವು,” ಎಂದ.

ಎಂಜಿನ್ ನಿಂತಿತು, ಹೊಗಳಿಕೆ ಶುರುವಾಯಿತು. “ರಾಯರು ಒಂದು ದೀಪಾನೂ ದಂಡಕ್ಕೆ ಉರಿಯೋಕೆ ಬಿಟ್ಟೋರಲ್ಲ,” ಎಂದು ಆ ದೀಪಗಳ ಕೆಳಗೇ ನಿಂತು ಮ್ಯಾನೇಜರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಲ್ಬುಗಳು ಮಂಕಾಗುವುದನ್ನು ನಾನೊಬ್ಬನೇ ನೋಡುತ್ತಿದ್ದೆ. ಆಮೇಲೆ ಯೂನಿಯನ್ನಿನವರು ಮಾತಾಡಿದರು, ಆಮೇಲೆ ಕ್ಯಾಂಟೀನಿನವರು. ಹೊಗಳುವವರಿಗೆ ಚಾರ್ಜು ಯಾವತ್ತೂ ಸಾಲುತ್ತದೆ. ನನ್ನ ಸರದಿ ಬಂದು ಮೈಕ್ ಹಿಡಿದಾಗ ಅದು ಒಮ್ಮೆ ಗೊರ್ ಎಂದು ಸುಮ್ಮನಾಯಿತು. ಸ್ಟಾರ್ಟರ್ ಒತ್ತಿದರೆ ಕಟ್ ಎಂಬ ಸದ್ದು ಬಿಟ್ಟು ಇನ್ನೇನೂ ಇಲ್ಲ.

ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಸಭೆ ಸಿಕ್ಕಿರಲಿಲ್ಲ. ಎಲ್ಲರೂ ಮೌನ, ಯಾರೂ ಎದ್ದು ಹೋಗುವಂತಿಲ್ಲ. ಕಮಲ ಸೆರಗು ಸರಿಪಡಿಸಿಕೊಂಡು ನನ್ನತ್ತ ನೋಡಿದಳು. ನಾನು ಬಾಯಿ ತೆರೆದೆ. “ಮೊದ್ಲು ಆ ಬಲ್ಬಿನ ಸ್ವಿಚ್ ಆರಿಸ್ರಯ್ಯಾ! ಎಷ್ಟು ಸಲ ಬಡ್ಕೊಳ್ಳಲಿ?” ಎಂಬುದು ಹೊರಗೆ ಬಂತು. ದೋಣಿ ಅಲ್ಲಾಡುವಷ್ಟು ನಕ್ಕರು, ಚಪ್ಪಾಳೆ ತಟ್ಟಿದರು. ನನ್ನ ಭಾಷಣ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು. ಕೂರುವ ಹಲಗೆಗಳನ್ನೇ ಕಿತ್ತು, ನೀರು ತಳ್ಳಿಕೊಂಡು ದಡ ಸೇರಿದೆವು.

ಮನೆಗೆ ಬಂದ ಮೇಲೆ ಕಮಲ ಸೀರೆ ಬದಲಿಸದೆ ನಡುಮನೆಯಲ್ಲಿ ಕೂತಳು. “ರೀ, ಈಗ ಹೇಳಿ. ನಂಗೇನೂ ಮೈಕ್ ಬೇಡ,” ಎಂದಳು.

ನಾನು ಗಂಟಲು ಸರಿಮಾಡಿಕೊಂಡೆ. ಅವಳ ಬೆನ್ನ ಹಿಂದೆ ಅಡುಗೆಮನೆಯ ದೀಪ ಸುಮ್ಮನೆ ಉರಿಯುತ್ತಿತ್ತು. “ಒಂದು ನಿಮಿಷ” ಎಂದು ಎದ್ದು ಹೋಗಿ ಆರಿಸಿದೆ. ತಿರುಗಿ ಬಂದರೆ ನಡುಮನೆಯೂ ಕತ್ತಲೆ, ಕುರ್ಚಿಯೂ ಖಾಲಿ. ಎದ್ದು ಹೋಗುವಾಗ ದೀಪ ಆರಿಸಿ ಹೋಗಬೇಕೆಂಬ ನನ್ನ ಮಾತನ್ನು ಅವಳು ಪಾಲಿಸಿದ್ದು ಅದೇ ಮೊದಲು.